ಬಿದಿರು ಮೆಳೆಯಿಂದ ಕಡ್ಡಾಯ ಪತ್ರಿಕೆಗೆ

ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಬೇಕೋ, ಹಾಗೇ ಬಿಡಬೇಕೋ? ಎಪ್ಪತ್ತರ ದಶಕದ ನಡುಭಾಗದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಸವರಬೇಕು ಎಂಬುದು ಅರಣ್ಯ ಇಲಾಖೆಯ ಕ್ರಮ. ಮೆಳೆ ಬಿಡುವಾದರೆ ಹೊಸ ಗಳಗಳು ಸಲೀಸಾಗಿ ಏಳುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು. ಮುಟ್ಟಬಾರದು ಎಂದವರು ಊರಿನವರು. ಬುಡದ ಮುಳ್ಳು ಹೋಯಿತೆಂದರೆ ಎಳೆಯ ಕಳಲೆ ದನಗಳ ಬಾಯಿಗೆ, ಕಾಡುಪ್ರಾಣಿಗಳ ಬಾಯಿಗೆ ಸಿಕ್ಕಂತೆಯೇ ಎಂದು ಅವರು ಹೇಳುತ್ತಿದ್ದರು. ಯಾರ ಮಾತು ಸರಿ ಎಂದು ಆವರೆಗೆ ಯಾರೂ ಅಳೆದು ನೋಡಿರಲಿಲ್ಲ.

ಅಳೆಯುವ ಕೆಲಸ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರ ಪಾಲಿಗೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಡುತ್ತಿದ್ದ ದರ ಟನ್ನಿಗೆ ಎರಡು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಒಂದೊಂದು ಗಳಕ್ಕೂ ಪರದಾಡುತ್ತಿದ್ದರು. ಕಾಡಿನ ಬಿದಿರು ಬರಿದಾಗುತ್ತಿದೆ, ನಮ್ಮ ಕಸುಬು ಮುಳುಗುತ್ತಿದೆ ಎಂದು ಅವರು ದನಿಯೆತ್ತಿದಾಗ ರಾಜ್ಯ ಸರ್ಕಾರ ವಿಜ್ಞಾನಿಗಳ ಕಡೆ ತಿರುಗಿತು. ಗಾಡ್ಗೀಳ್ ಮತ್ತು ಅವರ ವಿದ್ಯಾರ್ಥಿಗಳು ಮೆಳೆಗಳನ್ನು ಗುರುತು ಮಾಡಿ, ಮತ್ತೆ ಮತ್ತೆ ಅಲ್ಲಿಗೇ ಹೋಗಿ, ಹುಟ್ಟಿದ ಕಳಲೆಗಳಲ್ಲಿ ಎಷ್ಟು ಉಳಿದವು, ಎಷ್ಟು ಮೇವಾದವು ಎಂದು ಲೆಕ್ಕ ಇಟ್ಟರು. ಮುಳ್ಳು ಸವರಿದ ಮೆಳೆಗಳು ಸೊರಗಿದ್ದವು. ಊರಿನವರು ಹೇಳಿದ್ದೇ ಸರಿಯಾಗಿತ್ತು.

ಕರ್ನಾಟಕದಲ್ಲಿ ಪರಿಸರ ವಿಜ್ಞಾನ ಒಂದು ಓದಾಗಿ ಬೆಳೆದ ಬಗೆಯನ್ನು ಹುಡುಕುತ್ತ ಹೋದರೆ ನಾನು ನಿಲ್ಲುವುದು ಈ ಮೆಳೆಗಳ ಬಳಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಪಿಎಚ್.ಡಿ. ಮುಗಿಸಿ, ಜೀವಿಗಳ ಬದುಕನ್ನು ಗಣಿತದಲ್ಲಿ ಹಿಡಿಯುವುದನ್ನು ಕಲಿತು, 1971ರಲ್ಲಿ ದೇಶಕ್ಕೆ ಮರಳಿದವರು ಗಾಡ್ಗೀಳ್. ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ, 1973ರಲ್ಲಿ, ಅವರು ವಿಜ್ಞಾನ ಸಂಸ್ಥೆ ಸೇರಿದಾಗ ಅಲ್ಲಿ ಪರಿಸರಕ್ಕೆಂದು ಬೇರೆ ವಿಭಾಗ ಇರಲಿಲ್ಲ. ಅವರಿಗೆ ಜಾಗ ಸಿಕ್ಕಿದ್ದು ಸೈದ್ಧಾಂತಿಕ ಅಧ್ಯಯನಗಳ ಕೇಂದ್ರದಲ್ಲಿ. ಗಣಿತಜ್ಞರ ನಡುವೆ ಕುಳಿತ ಜೀವವಿಜ್ಞಾನಿಯೊಬ್ಬರು ಮೇದಾರರ ಪ್ರಶ್ನೆ ಹಿಡಿದು ಕಾಡಿಗೆ ಹೋದರು ಎಂಬುದೇ ಈ ವಿದ್ಯೆಯ ಸ್ವಭಾವವನ್ನು ಹೇಳುತ್ತದೆ. ಪ್ರಶ್ನೆ ಪುಸ್ತಕದಿಂದ ಬರಲಿಲ್ಲ, ಉತ್ತರವೂ ಪುಸ್ತಕದಲ್ಲಿ ಇರಲಿಲ್ಲ.

ಅದೇ ಸಂಸ್ಥೆಯ ಇನ್ನೊಂದು ಮೂಲೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದ್ದರು. ಗ್ರಾಮಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಒಯ್ಯುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕಾರ್ಯಕ್ಷೇತ್ರವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂದು ಬರೆದುಕೊಂಡರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತದೆ, ಅದರ ದುಡಿಮೆಯ ದೊಡ್ಡ ಭಾರ ಹೆಂಗಸರು ಮಕ್ಕಳ ಮೇಲಿದೆ ಎಂಬುದು ಅಂಕಿಗಳಲ್ಲೇ ಕಾಣಿಸಿತು. ಕರ್ನಾಟಕದ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆಯ ಹಿಂದೆ ಈ ಕೆಲಸವಿದೆ. ಇಂದು ಸುಸ್ಥಿರತೆ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು ಕಲಿಸುವುದರ ತಿರುಳು ಆಗಲೇ ಅಲ್ಲಿತ್ತು.

ದೇಶದ ಮಟ್ಟದಲ್ಲೂ ಗಾಳಿ ಅದೇ ದಿಕ್ಕಿಗೆ ಬೀಸುತ್ತಿತ್ತು. 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಇಂದಿರಾ ಗಾಂಧಿ ಮಾತನಾಡಿದ್ದರು. 1976ರ 42ನೇ ತಿದ್ದುಪಡಿಯಿಂದ ಪರಿಸರ ರಕ್ಷಣೆ ಸಂವಿಧಾನಕ್ಕೆ ಬಂತು. 1980ರಲ್ಲಿ ಕೇಂದ್ರದಲ್ಲಿ ಪರಿಸರ ಇಲಾಖೆ ಹುಟ್ಟಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಎಪ್ಪತ್ತರ ದಶಕದಲ್ಲೇ ಪರಿಸರ ವಿಜ್ಞಾನಗಳ ಶಾಲೆಯನ್ನು ತೆರೆದಿತ್ತು. ಇವೆಲ್ಲ ಮೇಲಿನಿಂದ ಬಂದವು. ನಮ್ಮ ಕಡೆಯ ವಿಶೇಷವೆಂದರೆ ಕೆಳಗಿನಿಂದ ಬಂದ ಒತ್ತಡ.

ಶಿರಸಿಯ ಉದಾಹರಣೆ ನೋಡಿ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಿಕೆ ತೋಟಗಳು ಮುಳುಗುವ ಭೀತಿ ಎದುರಾಯಿತು. ತೋಟಿಗರು ಮೆರವಣಿಗೆ, ಮನವಿಗಳಲ್ಲಿ ನಿಲ್ಲಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರಸಂಕಿರಣವೊಂದು ನಡೆಯಿತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಬಂದು ಯೋಜನೆಯ ಲಾಭನಷ್ಟದ ಲೆಕ್ಕವನ್ನು ಮರುಪರಿಶೀಲಿಸಿದರು. ಮುಳುಗುವ ಕಾಡಿಗೆ, ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಬೆಲೆ ಕಟ್ಟುವುದು ಹೇಗೆ ಎಂದು ಚರ್ಚಿಸಿದರು. ಆ ಪ್ರಬಂಧಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದು ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ಅಡಿಕೆ ಮಾರುವ ಸಹಕಾರಿ ಸಂಘವೊಂದು ದೊಡ್ಡ ಅಣೆಕಟ್ಟುಗಳ ಬಗ್ಗೆ ವಿದ್ವತ್ಪೂರ್ಣ ಸಂಪುಟ ತಂದ ಈ ಘಟನೆಗೆ ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ ಎಂಬುದು ನನ್ನ ಕೊರಗು. ಪರಿಸರ ಅರ್ಥಶಾಸ್ತ್ರ ಎಂದು ಈಗ ತರಗತಿಯಲ್ಲಿ ಕಲಿಸುವ ವಿಷಯವನ್ನು ರೈತರು ತಮ್ಮ ಖರ್ಚಿನಲ್ಲಿ ಚರ್ಚೆಗೆ ತಂದಿದ್ದರು. ಬೇಡ್ತಿ ಯೋಜನೆ ಆಗ ನಿಂತಿತು.

ಎರಡು ವರ್ಷದ ನಂತರ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾಯಿತು. ಅದೇ 1983ರಲ್ಲಿ ಬೆಂಗಳೂರಿನಲ್ಲಿ, ಕೇಂದ್ರ ಪರಿಸರ ಇಲಾಖೆಯ ನೆರವಿನೊಂದಿಗೆ, ಪರಿಸರ ವಿಜ್ಞಾನಗಳ ಕೇಂದ್ರ ತಲೆಯೆತ್ತಿತು. ಗಾಡ್ಗೀಳ್ ಅದರ ಸ್ಥಾಪಕರು. ಒಂದು ಕಾಡಿನಲ್ಲಿ, ಇನ್ನೊಂದು ಕ್ಯಾಂಪಸ್ಸಿನಲ್ಲಿ. ಆದರೆ ಎರಡರ ನಡುವೆ ಹೋಗಿಬರುವ ಜನ ಇದ್ದರು, ಪ್ರಶ್ನೆಗಳೂ ಇದ್ದವು.

ಆ ಕೇಂದ್ರದಲ್ಲಿ ಬೆಳೆದ ಅಧ್ಯಯನಗಳ ಹರವು ದೊಡ್ಡದು. ರಾಮನ್ ಸುಕುಮಾರ್ ಆನೆಗಳ ಹಿಂದೆ ಹೋದರು. ಆನೆ ಹೊಲಕ್ಕೆ ಯಾಕೆ ಇಳಿಯುತ್ತದೆ, ಯಾವ ಕಾಲದಲ್ಲಿ, ಯಾವ ಬೆಳೆಗೆ ಎಂಬುದೇ ಅವರ ಪಿಎಚ್.ಡಿ.ಯ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು. ರಾಘವೇಂದ್ರ ಗದಗಕರ್ ಕಣಜಗಳ ಗೂಡಿನ ಮುಂದೆ ಕುಳಿತು ಅವುಗಳ ಸಮಾಜವನ್ನು ಓದಿದರು. ಎನ್.ಎಚ್. ರವೀಂದ್ರನಾಥ್ ಸೌದೆ, ಕಾಡು, ಹವಾಮಾನ ಬದಲಾವಣೆಗಳ ನಂಟನ್ನು ಹಿಡಿದರು. ಮುದುಮಲೆಯಲ್ಲಿ 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪ ಕಾಂಡದ ಪ್ರತಿಯೊಂದು ಗಿಡಕ್ಕೂ ಸಂಖ್ಯೆ ಕಟ್ಟಿದರು. ಅಂಥ ಗಿಡಮರಗಳು ಸುಮಾರು 25 ಸಾವಿರ. ಬೆಂಕಿ ಬಂದಾಗ ಯಾವುದು ಸತ್ತಿತು, ಬರದ ವರ್ಷ ಯಾವುದು ಉಳಿಯಿತು ಎಂದು ಹೇಳಬೇಕಾದರೆ ಹೀಗೆ ದಶಕಗಳ ಕಾಲ ಅದೇ ಮರದ ಹತ್ತಿರ ಮತ್ತೆ ಮತ್ತೆ ಹೋಗಬೇಕು. ಬೇರೆ ದಾರಿಯಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಬಂದಿತ್ತು. ಮುಂದೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ವಿಭಾಗಗಳೂ ಬಂದವು. ಆದರೂ ಇದು ಆಯ್ದ ಕೆಲವರ ಓದು. ಬಿ.ಕಾಂ. ಓದುವ ಹುಡುಗಿಗೆ, ಬಿ.ಎ. ಓದುವ ಹುಡುಗನಿಗೆ ಇದರ ಸಂಬಂಧ ಇರಲಿಲ್ಲ. ಆ ಸಂಬಂಧ ಕಟ್ಟಿದ್ದು ವಿಶ್ವವಿದ್ಯಾಲಯವಲ್ಲ, ನ್ಯಾಯಾಲಯ.

ತಾಜ್ ಮಹಲ್ ಸುತ್ತಲಿನ ಹೊಗೆಯ ಬಗ್ಗೆ, ಗಂಗೆಗೆ ಹರಿಯುವ ಚರ್ಮೋದ್ಯಮದ ಕೊಳೆಯ ಬಗ್ಗೆ ಮೊಕದ್ದಮೆ ಹೂಡಿದ್ದ ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಮುಂದೆ ಇನ್ನೊಂದು ಬೇಡಿಕೆ ಇಟ್ಟರು: ಪರಿಸರದ ಅರಿವು ಜನರಿಗೆ ತಲುಪಬೇಕು. ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರ ಪೀಠ 1991ರ ನವೆಂಬರ್ 22ರಂದು ಆದೇಶ ನೀಡಿತು. ಮಿಶ್ರಾ ನಿವೃತ್ತರಾಗಲು ಆಗ ಎರಡೇ ದಿನ ಬಾಕಿಯಿತ್ತು. ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಪರಿಸರ ಸಂದೇಶದ ಸ್ಲೈಡ್ ತೋರಿಸಬೇಕು, ರೇಡಿಯೊ ಟಿ.ವಿ.ಗಳು ಸಮಯ ಕೊಡಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂಬುದು ಆದೇಶದ ಸಾರ. ಸ್ಲೈಡುಗಳು ಬಂದವು. ಪಾಠ ಮಾತ್ರ ಬರಲಿಲ್ಲ. ಮೆಹ್ತಾ ಮತ್ತೆ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2003ರಲ್ಲಿ ನ್ಯಾಯಾಲಯ ಬಿಗಿಯಾಗಿ ಕೇಳಿದ ಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯಕ್ರಮವನ್ನು ಮುಂದಿಟ್ಟಿತು. ಆಯೋಗಕ್ಕಾಗಿ ಪಠ್ಯಪುಸ್ತಕ ಬರೆದವರು ಪುಣೆಯ ಎರಾಕ್ ಭರೂಚಾ. ವೃತ್ತಿಯಿಂದ ಶಸ್ತ್ರಚಿಕಿತ್ಸಕರು, ಕಾಡಿನ ಸೆಳೆತದಿಂದ ಪರಿಸರ ಶಿಕ್ಷಣಕ್ಕೆ ಬಂದವರು.

ಹೀಗೆ ಆದೇಶವಾಗಿ ಹನ್ನೆರಡು ವರ್ಷಗಳ ಮೇಲೆ ಹುಟ್ಟಿದ್ದೇ ನಮ್ಮ ಕಾಲೇಜುಗಳ ‘ಇವಿಎಸ್’ ಪತ್ರಿಕೆ. ಎಂಟು ಘಟಕ, 50 ಗಂಟೆಯ ಪಾಠ. ಸಂಪನ್ಮೂಲಗಳು, ಜೀವಿಪರಿಸರ ವ್ಯವಸ್ಥೆ, ಜೀವವೈವಿಧ್ಯ, ಮಾಲಿನ್ಯ, ಕಾನೂನು, ಜನಸಂಖ್ಯೆ. ಕೊನೆಯದು, ಎಂಟನೆಯದು, ಕ್ಷೇತ್ರಕಾರ್ಯ. ಅದಕ್ಕೆ ಐದು ಗಂಟೆ, ನೂರರಲ್ಲಿ 25 ಅಂಕ. ಹತ್ತಿರದ ನದಿಯನ್ನೋ ಕಾಡನ್ನೋ ಗುಡ್ಡವನ್ನೋ ಹೋಗಿ ನೋಡಿ ದಾಖಲಿಸಿ, ಮಲಿನವಾದ ಜಾಗವೊಂದಕ್ಕೆ ಭೇಟಿ ಕೊಡಿ, ಸುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸಿ, ಕೆರೆಯಂಥ ಸರಳ ವ್ಯವಸ್ಥೆಯೊಂದನ್ನು ಅಭ್ಯಾಸ ಮಾಡಿ ಎಂದು ಆ ಘಟಕ ಹೇಳುತ್ತದೆ. ನನಗೆ ಇಡೀ ಪಠ್ಯಕ್ರಮದಲ್ಲಿ ಜೀವ ಇರುವ ಭಾಗ ಇದೇ ಎನಿಸುತ್ತದೆ. ಬಿದಿರು ಮೆಳೆಯ ಬಳಿ ಹುಟ್ಟಿದ ವಿದ್ಯೆ ಬಿ.ಕಾಂ. ತರಗತಿಯವರೆಗೆ ಬರಲು ಉಳಿದಿರುವ ದಾರಿಯೂ ಇದೊಂದೇ.

ಆ ದಾರಿಯನ್ನೇ ನಾವು ಮುಚ್ಚಿಕೊಂಡೆವು. ಪತ್ರಿಕೆ ಕಡ್ಡಾಯವಾಯಿತು, ಆದರೆ ಹೆಚ್ಚಿನ ಕಡೆ ಅದಕ್ಕೆಂದೇ ಅಧ್ಯಾಪಕರು ಬರಲಿಲ್ಲ. ಕಾರ್ಯಭಾರ ಕಡಿಮೆ ಇರುವವರ ಪಾಲಿಗೆ ಪಾಠ ಹೋಯಿತು. ಸಸ್ಯಶಾಸ್ತ್ರದವರು ಒಂದು ವರ್ಷ, ವಾಣಿಜ್ಯದವರು ಇನ್ನೊಂದು ವರ್ಷ. ಪರೀಕ್ಷೆಗೆ ಗೈಡ್ ಸಾಕಾಯಿತು. ಕ್ಷೇತ್ರಕಾರ್ಯದ 25 ಅಂಕಗಳು ಹಿಂದಿನ ವರ್ಷದವರ ವರದಿಯನ್ನು ನಕಲು ಮಾಡಿದವರಿಗೂ ಸಿಕ್ಕವು. ಇದರಲ್ಲಿ ವಿದ್ಯಾರ್ಥಿಗಳ ತಪ್ಪು ನನಗೆ ಕಾಣುವುದಿಲ್ಲ. ಅವರ ವರದಿಯನ್ನು ಯಾರೂ ಓದುವುದಿಲ್ಲ, ಅದು ಯಾರ ಕೆಲಸಕ್ಕೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೆಲಸಕ್ಕೆ ಬರುವಂತೆ ಮಾಡಬಹುದು ಎಂದು ತೋರಿಸುವ ಪ್ರಯತ್ನವೊಂದು ಅದಕ್ಕೂ ಮೊದಲೇ ನಡೆದಿತ್ತು. ತೊಂಬತ್ತರ ದಶಕದ ನಡುವೆ ಗಾಡ್ಗೀಳ್ ಪಶ್ಚಿಮ ಘಟ್ಟದ ಉದ್ದಕ್ಕೂ ಪದವಿ ಕಾಲೇಜುಗಳ ಅಧ್ಯಾಪಕರ ಜಾಲವೊಂದನ್ನು ಕಟ್ಟಿದರು. ಅಧ್ಯಾಪಕರು ವಿದ್ಯಾರ್ಥಿಗಳೊಂದಿಗೆ ತಮ್ಮ ಕಾಲೇಜಿನ ಸುತ್ತಲ ಗಿಡಮರ, ಹಕ್ಕಿ, ಚಿಟ್ಟೆಗಳ ಗಣತಿ ಮಾಡಿದರು. ಮುಂದೆ ಅದೇ ಜನ ಊರಿನವರೊಂದಿಗೆ ಕುಳಿತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯತೊಡಗಿದರು. ಯಾವ ಹೊಳೆಯ ಮಡುವಿನಲ್ಲಿ ಯಾವ ಮೀನು ಇತ್ತು, ಈಗ ಯಾಕಿಲ್ಲ, ಯಾವ ಬೇರು ಯಾವ ಕಾಯಿಲೆಗೆ, ಯಾವ ಭತ್ತದ ತಳಿ ಬಿತ್ತುವುದು ನಿಂತಿತು ಎಂಬುದನ್ನೆಲ್ಲ ಹಿಡಿದಿಡುವ ದಾಖಲೆ ಅದು. ಕಾರ್ಕಳ ತಾಲ್ಲೂಕಿನ ಮಾಳ ಇಂಥ ದಾಖಲೆ ನಡೆದ ಮೊದಲ ಊರುಗಳಲ್ಲಿ ಒಂದು. ಕಾಲೇಜಿನವರಿಗೆ ಲ್ಯಾಟಿನ್ ಹೆಸರು ಗೊತ್ತಿತ್ತು, ಊರಿನವರಿಗೆ ಜೀವಿಯ ನಡೆ ಗೊತ್ತಿತ್ತು. ಪುಟ ತುಂಬಲು ಎರಡೂ ಬೇಕಾದವು.

2002ರ ಜೀವವೈವಿಧ್ಯ ಕಾಯ್ದೆ ಮತ್ತು ಅದರ ಹಿಂದೆ ಬಂದ ನಿಯಮಗಳು ಈ ದಾಖಲಾತಿಗೆ ಕಾನೂನಿನ ಬಲ ಕೊಟ್ಟವು. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ದಾಖಲಾತಿ ಅದರ ಹೊಣೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ಗಾಡ್ಗೀಳ್ ಅಧ್ಯಕ್ಷತೆಯ ತಂಡ ಪರಿಸರ ಮತ್ತು ಕಲಿಕೆಯ ಬಗ್ಗೆ ಕೊಟ್ಟ ವರದಿ ಇನ್ನೂ ಮುಂದೆ ಹೋಯಿತು: ಮಕ್ಕಳು ಮಾಡುವ ಪರಿಸರ ಅಧ್ಯಯನಗಳನ್ನು ಎಲ್ಲರೂ ನೋಡಬಹುದಾದ ಸಾರ್ವಜನಿಕ ಮಾಹಿತಿಯಾಗಿ ಕೂಡಿಡಬೇಕು ಎಂದಿತು. ಅದು ಹಾಗೆ ಜಾರಿಗೆ ಬರಲಿಲ್ಲ. ಬದಲಿಗೆ ಬಂದದ್ದು ಗಡುವು. ದಾಖಲಾತಿಗಳು 2020ರ ಜನವರಿ 31ರೊಳಗೆ ಮುಗಿಯಬೇಕು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ಅವಸರದಲ್ಲಿ ಎಷ್ಟೋ ಪಂಚಾಯಿತಿಗಳ ದಾಖಲೆಗಳು ಕಾಟಾಚಾರಕ್ಕೆ ತುಂಬಿದವು.

ಒಂದು ಕಡೆ ಯಾರೂ ಓದದ ಕ್ಷೇತ್ರಕಾರ್ಯದ ವರದಿಗಳು, ಇನ್ನೊಂದು ಕಡೆ ಯಾರೂ ಪರಿಶೀಲಿಸದ ಪಂಚಾಯಿತಿ ದಾಖಲೆಗಳು. ಇವೆರಡೂ ಒಂದೇ ಕೆಲಸ ಎಂಬುದನ್ನು ನಾವು ಯಾಕೆ ನೋಡುತ್ತಿಲ್ಲ? ಧನಸಹಾಯ ಆಯೋಗ 2023ರಲ್ಲಿ ತಂದ ಹೊಸ ಚೌಕಟ್ಟು ಪರಿಸರ ಶಿಕ್ಷಣಕ್ಕೆ ನಾಲ್ಕು ಕ್ರೆಡಿಟ್ ಕೊಟ್ಟಿದೆ, ಹವಾಮಾನ ಬದಲಾವಣೆಯನ್ನು ಒಳಗೆ ತಂದಿದೆ, ಕ್ಷೇತ್ರಕಾರ್ಯವನ್ನು ಉಳಿಸಿಕೊಂಡಿದೆ. ಹೊಸ ಆದೇಶಕ್ಕೆ ಕಾಯುವ ಅಗತ್ಯ ಯಾವ ಕಾಲೇಜಿಗೂ ಇಲ್ಲ. ಈ ಪತ್ರಿಕೆ ಕಲಿಸುವ ಅಧ್ಯಾಪಕರು ಹತ್ತಿರದ ಪಂಚಾಯಿತಿ ಕಚೇರಿಗೆ ಹೋಗಿ ಜೀವವೈವಿಧ್ಯ ದಾಖಲಾತಿಯ ಪ್ರತಿ ಕೇಳಲಿ. ಅದರಲ್ಲಿ ಒಂದು ಕೆರೆಯ ಪುಟ ಇರುತ್ತದೆ. ಆ ಪುಟ ಹಿಡಿದು ವಿದ್ಯಾರ್ಥಿಗಳು ಕೆರೆಗೆ ಹೋಗಲಿ, ಅಲ್ಲಿ ಮೀನು ಹಿಡಿಯುವವರನ್ನು, ದನ ಮೇಯಿಸುವವರನ್ನು ಕೇಳಲಿ, ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡಲಿ. ತಿದ್ದಿದ ಪುಟವನ್ನು ಸಮಿತಿಗೆ ಕೊಡಲಿ. 25 ಅಂಕಗಳನ್ನು ಆ ಪುಟಕ್ಕೆ ಕೊಡಿ. ಮರುವರ್ಷದ ತಂಡ ಬೇರೆ ಕೆರೆ ಹುಡುಕದೆ ಅದೇ ಕೆರೆಗೆ ಹೋಗಲಿ.