ರಾತ್ರಿ ಪಾಳಿಯ ಗುರು ಯಾರು?

ಆಸ್ಪತ್ರೆಯ ಅತ್ಯಂತ ಕಠಿಣ ಕೆಲಸವನ್ನು ಅತ್ಯಂತ ಕಿರಿಯರಿಗೆ ಒಪ್ಪಿಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ರಾತ್ರಿ ಎರಡು ಗಂಟೆಗೆ ಕ್ಯಾಶುಯಲ್ಟಿಗೆ ಬಂದ ರೋಗಿಯನ್ನು ಮೊದಲು ಕಾಣುವವರು ಪ್ರಾಧ್ಯಾಪಕರಲ್ಲ; ಎಂಬಿಬಿಎಸ್ ಮುಗಿಸಿ ಕೆಲವೇ ತಿಂಗಳು ಕಳೆದಿರುವ ಇಂಟರ್ನ್. ಹಗಲಿನಲ್ಲಿ ತುರಿಕೆಗೂ ತಜ್ಞರು ಸಿಗುತ್ತಾರೆ. ಎದೆ ಹಿಡಿದುಕೊಂಡು ಬೆವರುತ್ತ ಬಂದವನಿಗೆ ಮಾತ್ರ ಅವನ ಅದೃಷ್ಟವೇ ತಜ್ಞ.

ನಾನು ಇಂಟರ್ನ್ ಆಗಿದ್ದ ಕಾಲದಲ್ಲಿ ತುರ್ತು ವೈದ್ಯಶಾಸ್ತ್ರವೆಂಬ ಪ್ರತ್ಯೇಕ ವಿಷಯಕ್ಕೆ ನಮ್ಮ ದೇಶದಲ್ಲಿ ಮಾನ್ಯತೆಯೇ ಇರಲಿಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯ 1970ರಲ್ಲಿಯೇ ಇದಕ್ಕೆ ರೆಸಿಡೆನ್ಸಿ ತರಬೇತಿ ಆರಂಭಿಸಿತ್ತು. ಭಾರತೀಯ ವೈದ್ಯಕೀಯ ಪರಿಷತ್ತು ಇದನ್ನು ಸ್ವತಂತ್ರ ವಿಷಯವೆಂದು ಒಪ್ಪಿದ್ದು 2009ರಲ್ಲಿ. ಅಲ್ಲಿಯವರೆಗೆ ಕ್ಯಾಶುಯಲ್ಟಿಯಲ್ಲಿ ನಾವು ಶ್ರದ್ಧೆಯಿಂದ ಕಲಿತ ವಿದ್ಯೆ ಎರಡೇ: ಪೊಲೀಸ್ ಪ್ರಕರಣದ ವಹಿಯನ್ನು ತಪ್ಪಿಲ್ಲದೆ ತುಂಬುವುದು, ರೋಗಿಯನ್ನು ಯಾವ ವಾರ್ಡಿಗೆ ಸಾಗಿಸಬೇಕೆಂದು ಊಹಿಸುವುದು.

ಈಗ ನಾನು ಇದೇ ವಿಷಯದ ಬೋಧಕ. ಹೊಸ ರೆಸಿಡೆಂಟ್‌ಗಳಿಗೆ ಕಲಿಸುವುದಕ್ಕಿಂತ ಕಲಿತದ್ದನ್ನು ಮರೆಸುವುದೇ ಕಷ್ಟ. ವೈದ್ಯಕೀಯ ಶಿಕ್ಷಣ ಅವರಿಗೆ ಒಂದು ಕ್ರಮವನ್ನು ರೂಢಿಸಿರುತ್ತದೆ: ರೋಗಿಯ ಚರಿತ್ರೆ ಕೇಳು, ಪರೀಕ್ಷಿಸು, ರೋಗವನ್ನು ಗುರುತಿಸು, ಆಮೇಲೆ ಚಿಕಿತ್ಸೆ. ತುರ್ತು ಕೊಠಡಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಉಸಿರಿನ ದಾರಿ, ನಂತರ ಉಸಿರಾಟ, ನಂತರ ರಕ್ತಪರಿಚಲನೆ. ರೋಗದ ಹೆಸರು ಕಾಯಬಹುದು. ಗಾಯಾಳುಗಳ ಚಿಕಿತ್ಸೆಯಲ್ಲಿ ಈ ಶಿಸ್ತು ಜಗತ್ತಿಗೆಲ್ಲ ಹರಡಿದ್ದರ ಹಿಂದೆ ಒಂದು ದುರಂತವಿದೆ. 1976ರಲ್ಲಿ ನೆಬ್ರಾಸ್ಕದ ಹೊಲವೊಂದರಲ್ಲಿ ಸ್ವಂತ ವಿಮಾನ ಅಪ್ಪಳಿಸಿ ಪತ್ನಿಯನ್ನು ಕಳೆದುಕೊಂಡ ಮೂಳೆತಜ್ಞ ಜೇಮ್ಸ್ ಸ್ಟೈನರ್, ಗಾಯಗೊಂಡ ಮಕ್ಕಳಿಗೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ದೊರೆತ ಚಿಕಿತ್ಸೆ ಕಂಡು ಕಂಗೆಟ್ಟರು. ಎರಡೇ ವರ್ಷಗಳಲ್ಲಿ ಸಹೋದ್ಯೋಗಿಗಳೊಡನೆ ಅವರು ರೂಪಿಸಿದ ತರಬೇತಿಯನ್ನೇ ಇಂದು ಎಟಿಎಲ್‌ಎಸ್ ಎನ್ನುತ್ತೇವೆ.

ಆದರೆ ನಮ್ಮ ನೆಲದ ಪಾಠಗಳು ಬೇರೆ. ಹಾವು ಕಡಿತವನ್ನೇ ನೋಡಿ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ನಾಶಮಾಡುತ್ತದೆ. ಇದನ್ನು ಪತ್ತೆಹಚ್ಚಲು ದುಬಾರಿ ಯಂತ್ರ ಬೇಕಿಲ್ಲ. ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ನಂತರ ಓರೆಮಾಡಿದರೆ ಸಾಕು. ರಕ್ತ ಹರಿದರೆ ಪ್ರತಿವಿಷ ಕೊಡಬೇಕು. ಪ್ಲಾಸ್ಟಿಕ್ ನಳಿಕೆಯಾದರೆ ಫಲಿತಾಂಶ ನಂಬುವಂತಿಲ್ಲ. ಬಂಧುಗಳು ಸುತ್ತ ನಿಂತು ಕೂಗಾಡುವಾಗ ಇಪ್ಪತ್ತು ನಿಮಿಷ ನಳಿಕೆಯನ್ನು ಮುಟ್ಟದೆ ಇರುವುದು ಇಪ್ಪತ್ತಮೂರರ ಹರೆಯದ ವೈದ್ಯನಿಗೆ ಎಷ್ಟು ಕಷ್ಟವೆಂಬುದನ್ನು ನಿಂತು ನೋಡಿದವರೇ ಬಲ್ಲರು. ಇನ್ನು ಕಟ್ಟುಹಾವು ಕಡಿದರೆ ಈ ಪರೀಕ್ಷೆಯಲ್ಲಿ ದೋಷವೇ ಕಾಣದು. ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾನೆ, ಗಾಯವಿಲ್ಲ, ಬಾವಿಲ್ಲ. ರೆಪ್ಪೆ ಜೋಲುತ್ತಿರುವುದನ್ನು ಗಮನಿಸದೆ ಗುಳಿಗೆ ಕೊಟ್ಟು ಕಳುಹಿಸಿದರೆ ಅವನ ಉಸಿರು ಮನೆಯಲ್ಲಿ ನಿಲ್ಲುತ್ತದೆ. ಆ ರೆಪ್ಪೆಯನ್ನು ಪಠ್ಯಪುಸ್ತಕ ತೋರಿಸಲಾರದು. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ತೋರಿಸಬೇಕು.

ಕೀಟನಾಶಕ ಕುಡಿದ ರೈತನ ವಿಷಯದಲ್ಲೂ ಅಷ್ಟೆ. ಅಟ್ರೊಪಿನ್ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಶ್ವಾಸಕೋಶದ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ದ್ವಿಗುಣಗೊಳಿಸುತ್ತ ಹೋಗಬೇಕೆಂಬುದೂ ಪುಸ್ತಕದಲ್ಲಿದೆ. ಆದರೂ ಹತ್ತನೆಯ ಆಂಪೂಲ್ ಒಡೆಯುವಾಗ ಒಂಟಿಯಾಗಿರುವವನ ಕೈ ತಡೆಯುತ್ತದೆ. ‘ಕೊಡು’ ಎನ್ನುವ ಒಂದು ಧ್ವನಿ ಅವನಿಗೆ ಬೇಕು.

ಸಾವಿನ ಸುದ್ದಿ ತಿಳಿಸುವ ಬಗೆಯನ್ನಂತೂ ಬಹುತೇಕರು ಯಾರಿಂದಲೂ ಕಲಿಯುವುದಿಲ್ಲ. ವೈದ್ಯರ ಮೇಲಿನ ಹಲ್ಲೆಗಳ ಬಗ್ಗೆ ನಾವು ಮಾತನಾಡುವಾಗ ಇದನ್ನು ಮರೆಯುತ್ತೇವೆ.

ರಾಜ್ಯದಲ್ಲಿ ಏನೂ ಆಗಿಲ್ಲವೆಂದಲ್ಲ. 2008ರಲ್ಲಿ 108 ಆಂಬುಲೆನ್ಸ್ ಬಂತು. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ, ಹೃದಯಾಘಾತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳತ್ತ ಕೊಂಡೊಯ್ಯಿತು. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸರ್ಕಾರ ಘೋಷಿಸಿತು. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನು ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಷ್ಟು ಹಿಂದೆ. ರೋಗಿಯನ್ನು ಬಾಗಿಲಿಗೆ ತಲುಪಿಸುವ ಏರ್ಪಾಡು ಹೀಗೆ ಬೆಳೆಯುತ್ತಿರುವಾಗ, ಬಾಗಿಲೊಳಗೆ ನಿಲ್ಲುವವರನ್ನು ತಯಾರಿಸುವ ವಿಷಯದಲ್ಲಿ ಮಾತ್ರ ಹಿಂಜರಿಕೆ. 2020ರ ನಿಯಮಗಳಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕಡ್ಡಾಯವಾಗಿದ್ದ ತುರ್ತು ವೈದ್ಯಶಾಸ್ತ್ರ ವಿಭಾಗದ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನಿಯಮಗಳ ಕಡ್ಡಾಯ ಪಟ್ಟಿಯಿಂದ ಕೈಬಿಟ್ಟಿತು. ಸೇವೆ ಇರಬೇಕು, ವಿಭಾಗ ಬೇಕಿಲ್ಲ ಎಂಬ ಈ ತರ್ಕ ನನಗೆ ಅರ್ಥವಾಗಿಲ್ಲ. ವಿಭಾಗವಿಲ್ಲದಿದ್ದರೆ ಬೋಧಕರಿಲ್ಲ, ಬೋಧಕರಿಲ್ಲದಿದ್ದರೆ ಇಂಟರ್ನ್ ಮತ್ತೆ ಒಂಟಿ.

ರಾತ್ರಿ ಪಾಳಿಯಲ್ಲೂ ಒಬ್ಬ ಬೋಧಕರು ಕೊಠಡಿಯಲ್ಲೇ ಇರಬೇಕೆಂದು ನಾನು ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ಪ್ರಸ್ತಾವ ಸಲ್ಲಿಸಿದ್ದೆ. ಮನೆಯಿಂದ ಫೋನಿನಲ್ಲಿ ಸಲಹೆ ಕೊಟ್ಟರೆ ಸಾಲದೇ ಎಂದು ಆಡಳಿತಾಧಿಕಾರಿ ಕೇಳಿದರು. ಫೋನಿನಲ್ಲಿ ರೆಪ್ಪೆ ಕಾಣುವುದಿಲ್ಲ ಎಂದೆ. ರಾತ್ರಿಯ ಬೋಧನೆಗೆ ಭತ್ಯೆಯನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸುವುದೆಂಬ ಪ್ರಶ್ನೆಯೊಂದಿಗೆ ಕಡತ ಹಿಂದಿರುಗಿತು.