ಕುಮಟಾದಿಂದ ಗೋಕರ್ಣಕ್ಕೆ ನಡೆಯೋಣ, ಆದ್ರೆ ಟೆಂಟ್ ಎಲ್ಲಿ ಹಾಕೋದು?

ಕಡೂರು, ತರೀಕೆರೆ ಮೂಲಕ ಸಾಗುವ ಹೆದ್ದಾರಿ ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಕಡಲಿನ ಹತ್ತಿರ ತಂದು ಬಿಡುತ್ತೆ. ಅಜ್ಜಂಪುರದವರು ತರೀಕೆರೆಗೆ ಬಂದರೆ ಆಯ್ತು. ಹೊನ್ನಾವರದಿಂದ ಕುಮಟಾ ದೂರವಿಲ್ಲ. ಅಲ್ಲಿಂದ ಗೋಕರ್ಣದವರೆಗೆ ಕಡಲಂಚಿನಲ್ಲೇ ಎರಡು ದಿನದ ನಡಿಗೆ.

ಮೊದಲ ದಿನ ಮರಳು, ಸಣ್ಣ ಗುಡ್ಡ, ಮೀನುಗಾರರ ಕೇರಿಗಳು. ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟಿದರೆ ತದಡಿ. ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚ್‌ಗಳು. ನಡುನಡುವೆ ಬಂಡೆಗಳ ಕಾಲುದಾರಿ.

ರಾತ್ರಿ ಟೆಂಟ್ ಎಲ್ಲಿ? ಮದಗದ ಕೆರೆ, ಅಯ್ಯನಕೆರೆಯ ನೀರು ಸಂಜೆ ಎಲ್ಲಿತ್ತೋ ಬೆಳಗ್ಗೆಯೂ ಅಲ್ಲೇ ಇರುತ್ತೆ. ಕಡಲು ಹಾಗಲ್ಲ. ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತೆ. ಶನಿವಾರದ ಲೆಕ್ಕ ಭಾನುವಾರಕ್ಕೆ ಆಗಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತೆ. ಮರಳಿನ ಮೇಲೆ ಕಡ್ಡಿ, ಚಿಪ್ಪುಗಳ ಸಾಲು ಕಂಡರೆ ನೀರು ಅಲ್ಲೀವರೆಗೆ ಬಂದಿತ್ತು ಅಂತ ಅರ್ಥ.

ಹಾಗಾದ್ರೆ ಅದರ ಮೇಲೆ ಹಾಕೋಣವಾ? ಚಳಿಗಾಲದಲ್ಲಿ ಉತ್ತರ ಕನ್ನಡದ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಬರ್ತವೆ. ಅವು ಮೊಟ್ಟೆಯಿಡೋದೂ ಆ ಗೆರೆಯಿಂದ ಮೇಲೇ! ನಮ್ಮ ಬೆಂಕಿ, ಟಾರ್ಚ್ ಬೆಳಕಿಗೆ ಮರಿಗಳು ಕಡಲಿನ ದಿಕ್ಕು ತಪ್ಪುತ್ತವೆ.

ಅದಕ್ಕೇ ಮರಳು ಬಿಟ್ಟು ಹಿಂದೆ ಸರಿಯಿರಿ. ಊರಿನವರನ್ನು ಕೇಳಿ, ಒಪ್ಪಿದವರ ತೋಟದಲ್ಲೋ ಅಂಗಳದಲ್ಲೋ ಟೆಂಟ್ ಹಾಕಿ. ತೆಂಗಿನಕಾಯಿ ಬೀಳುವ ಜಾಗ ಮಾತ್ರ ಬೇಡ. ಕುಡಿಯುವ ನೀರೂ ಅಲ್ಲೇ ಸಿಗುತ್ತೆ. ಹೊರಡೋಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಮಳೆಗಾಲದಲ್ಲಿ ಈ ದಾರಿಯೇ ಬೇಡ.