ತಾರ್ಲಿಯ ಬೆಳವಣಿಗೆ, ಕಡಲಿನ ಲೆಕ್ಕ

ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ, ಪುಣೆಯ ಗಣೇಶ ಪೇಠೆಯ ಮೀನು ಮಾರುಕಟ್ಟೆಯಲ್ಲಿ ತಾರ್ಲಿ. ಜಾತಿ ಒಂದೇ, ಆದರೆ ಅದರ ಬೆಳವಣಿಗೆಯೂ ಮೊಟ್ಟೆಯಿಡುವ ಹೊತ್ತೂ ಆಯಾ ಕಡಲಿನ ನೀರನ್ನು ಅವಲಂಬಿಸಿವೆ.

ಬೂತಾಯಿಯ ಆಯುಸ್ಸು ಸುಮಾರು ಎರಡೂವರೆ ವರ್ಷ. ಒಂದು ವರ್ಷದೊಳಗೆ 15 ಸೆಂ.ಮೀ. ಆಸುಪಾಸಿಗೆ ಬೆಳೆದು ಪ್ರೌಢವಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಇದು ಮೊಟ್ಟೆಯಿಡುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ದಿನಗಳಲ್ಲಿ ಹೊಟ್ಟೆ ಸೀಳಿದರೆ ಹೆಣ್ಣುಮೀನಿನಲ್ಲಿ ಹಳದಿ ತತ್ತಿಯ ಎರಡು ಎಸಳು ಕಾಣುತ್ತವೆ. ಪುಣೆಯವರ ಬಾಯಲ್ಲಿ ಅದು ಗಾಬೋಳಿ.

ಮಳೆಗಾಲವೇ ಯಾಕೆ? ಮುಂಗಾರಿನ ಗಾಳಿ ದಡದ ಮೇಲುನೀರನ್ನು ಆಚೆ ತಳ್ಳಿದಾಗ ಆಳದ ತಣ್ಣೀರು ಸತ್ವವನ್ನು ಹೊತ್ತು ಮೇಲೇಳುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಉಕ್ಕುತ್ತವೆ, ಮರಿಗಳಿಗೆ ಹೊಟ್ಟೆ ತುಂಬ ಮೇವು. ಈ ಏರುನೀರು ತೆಂಕಣ ತುದಿಯಲ್ಲಿ ಮೊದಲು ಶುರುವಾಗಿ ಬಡಗಣಕ್ಕೆ ಸರಿಯುತ್ತ ಗೋವಾ ದಾಟಿದ ಮೇಲೆ ಸೊರಗುತ್ತದೆ. ನಮ್ಮಲ್ಲಿ ಬೂತಾಯಿಯ ಹಳೆಯ ಸೀಮೆ ಮುಖ್ಯವಾಗಿ ಕೊಲ್ಲಂನಿಂದ ರತ್ನಾಗಿರಿಯವರೆಗೆ ಇದ್ದದ್ದು ಇದೇ ಕಾರಣಕ್ಕೆ. ಬಂಗಾಳ ಕೊಲ್ಲಿಯ ಮೇಲುನೀರು ನದಿಗಳ ಸಿಹಿನೀರಿನಿಂದ ಹಗುರವಾಗಿದ್ದು, ಆಳದ ನೀರನ್ನು ಸುಲಭಕ್ಕೆ ಮೇಲೆ ಬಿಡುವುದಿಲ್ಲ. ಅಲ್ಲಿನ ಬೂತಾಯಿಯ ಪಂಚಾಂಗವೂ ಬೇರೆ. ಒಮಾನ್ ಕಡೆಯ ಬೂತಾಯಿ ವಂಶವಾಹಿಯಲ್ಲೇ ಭಾರತದ್ದಕ್ಕಿಂತ ಭಿನ್ನ.

ವಯಸ್ಸು ಅಳೆಯುವುದು ಸುಲಭವಲ್ಲ. ಚಳಿಕಡಲಿನ ಮೀನಿನ ಕಿವಿಗಲ್ಲಿನಲ್ಲಿ ಮರದ ಕಾಂಡದಂತೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಅದು ಅಷ್ಟು ಸ್ಪಷ್ಟವಲ್ಲ. ತಿಂಗಳು ತಿಂಗಳು ಸಾವಿರಾರು ಮೀನುಗಳ ಉದ್ದ ಅಳೆದು ಲೆಕ್ಕ ಹಾಕಬೇಕು. ಹಿಡಿಯುವ ಮಿತಿಯೂ ಉದ್ದದ ಲೆಕ್ಕದಲ್ಲೇ: ಹಿಡಿಯಬಹುದಾದ ಬೂತಾಯಿಗೆ ಕೇರಳ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಅಳತೆ ಗೊತ್ತುಮಾಡಿದೆ. ಮಹಾರಾಷ್ಟ್ರ 2023ರಲ್ಲಿ 54 ಜಾತಿಗಳಿಗೆ ಇಂಥ ಮಿತಿ ಹಾಕಿತು.

ಮೀನುಗಾರಿಕೆ ನಿಷೇಧವೂ ಕಡಲಿಗೊಂದು: ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31, ಎರಡೂ 61 ದಿನ. ಜೂನ್‌ನ ಮೊದಲ ಎರಡು ವಾರ ಎರಡೂ ಕಡೆ ಬಹುತೇಕ ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುವುದರಿಂದ ಪುಣೆಗೆ ಹೆಚ್ಚಾಗಿ ಉಜನಿ ಜಲಾಶಯದಂಥ ಸಿಹಿನೀರಿನ ಮೀನೇ ಗತಿ. ಆದರೆ ಸೆಪ್ಟೆಂಬರ್‌ವರೆಗೆ ಮೊಟ್ಟೆಯಿಡುವ ಮೀನಿಗೆ ಜುಲೈ ಕೊನೆಯ ಗಡುವು ಅರ್ಧ ರಕ್ಷಣೆ ಅಷ್ಟೆ.

ಮೇವು ಕೈಕೊಟ್ಟರೆ ನಿಷೇಧವೂ ಸಾಲದು. ಕಡಲಿಲ್ಲದ ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ 2016ರ ಅಧ್ಯಯನದಂತೆ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಬೂತಾಯಿಯ ಮೇವಾದ ಸಸ್ಯಪ್ಲವಕ ಶೇ 20ರವರೆಗೆ ಕುಗ್ಗಿದೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಸಮೀಪವಿದ್ದ ಬೂತಾಯಿ 2021ರಲ್ಲಿ ಸಿಕ್ಕಿದ್ದು 3,297 ಟನ್.